ನ್ಯಾಯಾಲಯದ ಶೀಘ್ರಲಿಪಿ ಹುದ್ದೆ: ಸೇರುವ ಮುನ್ನ ಲೆಕ್ಕ ಹಾಕುವುದು ಹೇಗೆ

ಕರ್ನಾಟಕದ ಜಿಲ್ಲಾ ನ್ಯಾಯಾಲಯವೊಂದರ ತೀರ್ಪಿನ ಕೊನೆಯ ಪುಟವನ್ನು ತೆರೆದರೆ, ನ್ಯಾಯಾಧೀಶರ ಸಹಿಗಿಂತ ಸ್ವಲ್ಪ ಮೇಲೆ, ಆವರಣ ಚಿಹ್ನೆಯೊಳಗೆ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತದೆ. ಶೀಘ್ರಲಿಪಿಗಾರರಿಗೆ (ಸ್ಟೆನೋಗ್ರಾಫರ್) ಉಕ್ತಲೇಖನ ನೀಡಿ, ಅವರು ಬೆರಳಚ್ಚು ಮಾಡಿದ ಪ್ರತಿಯನ್ನು ಪರಿಷ್ಕರಿಸಿ, ಇಂಥ ದಿನ ತೆರೆದ ನ್ಯಾಯಾಲಯದಲ್ಲಿ ಘೋಷಿಸಲಾಯಿತು ಎಂಬುದು ಅದರ ಸಾರ. ನೂರು ಪುಟಗಳ ತೀರ್ಪಿನಲ್ಲಿ ಅದನ್ನು ಬರೆದುಕೊಂಡವರ ಉಲ್ಲೇಖ ಬರುವುದು ಅದೊಂದೇ ಕಡೆ, ಅದೂ ಹೆಸರಿಲ್ಲದೆ. ಈ ಹುದ್ದೆಗೆ ಅರ್ಜಿ ಹಾಕಬೇಕೆ, ಹಾಕಿದರೆ ಎಷ್ಟು ವರ್ಷದ ಸಿದ್ಧತೆ ಬೇಕು, ಕೈಗೆ ಬರುವ ಸಂಬಳ ಎಷ್ಟು, ಯಂತ್ರಗಳು ಮಾತನ್ನು ಅಕ್ಷರವಾಗಿಸುತ್ತಿರುವ ಈ ಹೊತ್ತಿನಲ್ಲಿ ಇದರ ಆಯಸ್ಸು ಎಷ್ಟು ಎಂದು ಕೇಳುವವರಿಗಾಗಿ ಈ ಬರಹ.

ಮೊದಲೇ ಒಂದು ಮಾತು. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಅಂಕಿ-ಅಂಶಗಳಲ್ಲಿ ಹೆಚ್ಚಿನವು ಅಮೆರಿಕದ ಕೋರ್ಟ್ ರಿಪೋರ್ಟರುಗಳಿಗೂ ಲೈವ್ ಕ್ಯಾಪ್ಷನ್ (ಮಾತು ನಡೆಯುತ್ತಿರುವಾಗಲೇ ಪರದೆಯ ಮೇಲೆ ಮೂಡುವ ಅಕ್ಷರ) ಬರೆಯುವವರಿಗೂ ಸೇರಿದವು. ಅವನ್ನು ನಮ್ಮ ಹುದ್ದೆಗೆ ನೇರವಾಗಿ ಹೊಂದಿಸಿ ನೋಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಆದ್ದರಿಂದ ಸಂಬಳದ ಪಟ್ಟಿಗಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನೀವು ಬರೆಯಬೇಕಾಗಿರುವುದು ಯಾರ ಮಾತನ್ನು?

ಯಾರ ಮಾತನ್ನು ಬರೆಯುತ್ತೀರಿ

ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿ ಆಡಿದ ಪ್ರತಿಯೊಂದು ಮಾತೂ ಹಾಗೆಯೇ ದಾಖಲಾಗುವುದಿಲ್ಲ. ಸಾಕ್ಷ್ಯವನ್ನು ನ್ಯಾಯಾಧೀಶರು ತಾವೇ ಬರೆದುಕೊಳ್ಳಬಹುದು ಅಥವಾ ತೆರೆದ ನ್ಯಾಯಾಲಯದಲ್ಲಿ ಉಕ್ತಲೇಖನ ನೀಡಿ ಬರೆಸಬಹುದು. ಅದು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿರಬೇಕು, ಅಗತ್ಯವೆನಿಸಿದಾಗ ಪ್ರಶ್ನೋತ್ತರ ರೂಪದಲ್ಲಿಯೂ ಇರಬಹುದು ಎಂಬ ಪದ್ಧತಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಪಾಟೀ ಸವಾಲಿನ ಒಂದು ತುಣುಕನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ವಕೀಲರು, "ಆ ದಿನ ನೀವು ಊರಲ್ಲೇ ಇರಲಿಲ್ಲ, ಅಲ್ವೇನ್ರೀ?" ಎಂದು ಕೇಳುತ್ತಾರೆ. ಸಾಕ್ಷಿ, "ಇದ್ದೆ ಸ್ವಾಮಿ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದಿದ್ದೆ" ಎನ್ನುತ್ತಾನೆ. ನ್ಯಾಯಾಧೀಶರು ಒಂದು ಕ್ಷಣ ತಡೆದು ಬರೆಸುವುದು ಹೀಗೆ: "ಘಟನೆಯ ದಿನ ನಾನು ಊರಿನಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ. ಆ ದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದಿದ್ದೆ ಎಂದು ಸಾಕ್ಷಿಯು ಸ್ವಇಚ್ಛೆಯಿಂದ ನುಡಿಯುತ್ತಾರೆ." ಪ್ರಶ್ನೆಯೂ ಉತ್ತರವೂ ಬೆರೆತು ಸಾಕ್ಷಿಯ ಬಾಯಿಂದಲೇ ಬಂದ ಹೇಳಿಕೆಯಾಗಿ ಮಾರ್ಪಟ್ಟಿವೆ. ಇಲ್ಲಿ ಬರೆಯುವವರ ಕಿವಿ ಹಿಡಿಯಬೇಕಾಗಿರುವುದು ವಕೀಲರ ಧ್ವನಿಯನ್ನೂ ಅಲ್ಲ, ಸಾಕ್ಷಿಯ ಧ್ವನಿಯನ್ನೂ ಅಲ್ಲ, ಪೀಠದ ಮೇಲಿರುವ ಒಂದೇ ಧ್ವನಿಯನ್ನು. ಸಾಕ್ಷ್ಯವನ್ನು ಅನೇಕ ಕಡೆ ಬೆರಳಚ್ಚುಗಾರರೇ ನೇರವಾಗಿ ಗಣಕಯಂತ್ರದಲ್ಲಿ ದಾಖಲಿಸುತ್ತಾರೆ. ಶೀಘ್ರಲಿಪಿಗಾರರ ನಿಜವಾದ ಹೊರೆ ತೀರ್ಪು ಮತ್ತು ಆದೇಶಗಳು.

ಅಮೆರಿಕದಲ್ಲಿ ಕಥೆಯೇ ಬೇರೆ. ಅಲ್ಲಿನ ಕೋರ್ಟ್ ರಿಪೋರ್ಟರ್ ನ್ಯಾಯಾಧೀಶರು, ಎರಡೂ ಪಕ್ಷದ ವಕೀಲರು ಮತ್ತು ಸಾಕ್ಷಿ ಹೀಗೆ ಎಲ್ಲರ ಮಾತನ್ನೂ ಬಾಯಿಂದ ಬಿದ್ದಂತೆಯೇ, ಯಾರು ಆಡಿದ್ದೆಂಬ ಗುರುತಿನೊಡನೆ, ಸುಮಾರು 22 ಕೀಲಿಗಳಿರುವ ಸ್ಟೆನೋ ಯಂತ್ರದಲ್ಲಿ ದಾಖಲಿಸಬೇಕು. ಆ ಯಂತ್ರದಲ್ಲಿ ಅಕ್ಷರಗಳನ್ನು ಒಂದೊಂದಾಗಿ ಒತ್ತುವುದಿಲ್ಲ; ಹಾರ್ಮೋನಿಯಂನಲ್ಲಿ ಹಲವು ಮನೆಗಳನ್ನು ಒಟ್ಟಿಗೆ ಹಿಡಿಯುವಂತೆ ಕೀಲಿಗಳನ್ನು ಒಮ್ಮೆಗೇ ಒತ್ತಿ ಒಂದು ಉಚ್ಚಾರಾಂಶವನ್ನೋ ಇಡೀ ಪದಪುಂಜವನ್ನೋ ಮೂಡಿಸುತ್ತಾರೆ. ಅಲ್ಲಿನ ರಾಷ್ಟ್ರೀಯ ಕೋರ್ಟ್ ರಿಪೋರ್ಟರುಗಳ ಸಂಘದ ವೃತ್ತಿ ಪ್ರಮಾಣಪತ್ರಕ್ಕೆ ಸಾಕ್ಷ್ಯದ ಭಾಗದಲ್ಲಿ ನಿಮಿಷಕ್ಕೆ 225 ಪದಗಳ ವೇಗವೂ 95 ಶೇಕಡಾ ನಿಖರತೆಯೂ ಬೇಕು. ಲೈವ್ ಕ್ಯಾಪ್ಷನ್ ಬರೆಯುವವರು ಅದೇ ಯಂತ್ರದಲ್ಲಿ ಅದೇ ಕೆಲಸವನ್ನು ದೂರದರ್ಶನದ ಪರದೆಗಾಗಿಯೋ ತರಗತಿಯಲ್ಲಿ ಕುಳಿತ ಕಿವುಡ ವಿದ್ಯಾರ್ಥಿಗಾಗಿಯೋ ಮಾಡುತ್ತಾರೆ; ಆಮೇಲೆ ತಿದ್ದಲು ಅವರಿಗೆ ಸಮಯವೇ ಇರುವುದಿಲ್ಲ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಕೆಲಸ ಬೇಕೆಂದರೆ ನ್ಯಾಯಾಲಯಕ್ಕಿಂತ ವಿಧಾನಸೌಧವನ್ನು ನೋಡಬೇಕು. ಸದನದಲ್ಲಿ ಸರದಿಯ ಮೇಲೆ ಕುಳಿತು ಶಾಸಕರ ಮಾತನ್ನು ಪದಶಃ ಬರೆದುಕೊಳ್ಳುವ ವಿಧಾನಮಂಡಲ ಸಚಿವಾಲಯದ ವರದಿಗಾರರೇ ನಮ್ಮಲ್ಲಿ ಆ ವಿದ್ಯೆಯ ನಿಜವಾದ ವಾರಸುದಾರರು.

ಅಮೆರಿಕದ ಸಂಬಳದ ಅಂಕಿಯನ್ನು ಓದುವ ಬಗೆ

ಅಮೆರಿಕದ ಕಾರ್ಮಿಕ ಅಂಕಿ-ಅಂಶ ಇಲಾಖೆ ಕೋರ್ಟ್ ರಿಪೋರ್ಟರುಗಳನ್ನೂ ಲೈವ್ ಕ್ಯಾಪ್ಷನ್ ಬರೆಯುವವರನ್ನೂ ಒಂದೇ ವೃತ್ತಿಯೆಂದು ಎಣಿಸುತ್ತದೆ. 2024ರ ಮೇ ತಿಂಗಳ ಲೆಕ್ಕದಲ್ಲಿ ಅವರ ವಾರ್ಷಿಕ ಮಧ್ಯಾಂಕ ವೇತನ 67,310 ಡಾಲರ್ ಎಂದು ಅದು ಹೇಳುತ್ತದೆ. ಇದನ್ನು ಸರಾಸರಿ ಎಂದು ತಿಳಿಯಬಾರದು. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ ಅದು. ಎರಡನೆಯದಾಗಿ, ಆ ಸಮೀಕ್ಷೆ ಸಂಬಳದ ನೌಕರರದು ಮಾತ್ರ, ಸ್ವತಂತ್ರವಾಗಿ ದುಡಿಯುವವರು ಅದರಲ್ಲಿ ಸೇರಿಲ್ಲ. ಈ ವೃತ್ತಿಯಲ್ಲಿ ಸ್ವತಂತ್ರರ ಪಾಲು ಸಣ್ಣದಲ್ಲವಾದ್ದರಿಂದ ಅದು ಸಣ್ಣ ವಿಷಯವಲ್ಲ. ಮೂರನೆಯದು ನಮ್ಮಲ್ಲಿ ಊಹಿಸಲೂ ಕಷ್ಟವಾದ ಸಂಗತಿ: ಅಲ್ಲಿನ ವರದಿಗಾರರು ನಡಾವಳಿಯ ಪ್ರತಿಯನ್ನು ಪುಟಕ್ಕೆ ಇಷ್ಟು ಎಂದು ಕಕ್ಷಿದಾರರಿಗೆ ಮಾರುತ್ತಾರೆ, ಹಾಗಾಗಿ ಆದಾಯ ಸಂಬಳದ ಕಾಲಂನಲ್ಲಿ ಮಾತ್ರ ಇರುವುದಿಲ್ಲ, ಜೊತೆಗೆ ದುಬಾರಿಯಾದ ಯಂತ್ರವನ್ನೂ ತಂತ್ರಾಂಶವನ್ನೂ ಅನೇಕರು ಸ್ವಂತ ಹಣದಿಂದಲೇ ಕೊಳ್ಳಬೇಕು. ಇಷ್ಟೆಲ್ಲ ಇರುವಾಗ ಆ ಡಾಲರನ್ನು ಇಂದಿನ ದರದಲ್ಲಿ ರೂಪಾಯಿಗೆ ತಿರುಗಿಸಿ, ನಮ್ಮ ಶೀಘ್ರಲಿಪಿಗಾರರ ಸಂಬಳದ ಪಕ್ಕದಲ್ಲಿಟ್ಟು ನಿಟ್ಟುಸಿರು ಬಿಡುವುದರಲ್ಲಿ ಅರ್ಥವಿಲ್ಲ.

ಆ ವೃತ್ತಿಯಲ್ಲಿರುವವರು ಯಾರು ಎಂಬುದು ಸಂಬಳದಷ್ಟೇ ಮುಖ್ಯ. ಅಲ್ಲಿ ಹತ್ತು ಜನರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಮಹಿಳೆಯರು, ಸಂಘದ ಸದಸ್ಯರ ಸರಾಸರಿ ವಯಸ್ಸು ಐವತ್ತನ್ನು ದಾಟಿದೆ. ಹಿರಿಯರು ನಿವೃತ್ತರಾಗುತ್ತಿದ್ದಾರೆ, ತರಬೇತಿ ಶಾಲೆಗಳು ಮುಚ್ಚುತ್ತಿವೆ, ಸೇರಿದವರಲ್ಲಿಯೂ ಬಹುಪಾಲು ಮಂದಿ ವೇಗ ಸಾಧಿಸಲಾಗದೆ ನಡುವೆಯೇ ಬಿಡುತ್ತಾರೆ. ಆದ್ದರಿಂದ ಹುದ್ದೆಗಳ ಸಂಖ್ಯೆ ಬೆಳೆಯದಿದ್ದರೂ ಖಾಲಿ ಸ್ಥಾನಗಳು ಇರುತ್ತವೆ. ಯಾವುದೇ ವೃತ್ತಿಯ ಬೆಳವಣಿಗೆಯ ಅಂಕಿಯನ್ನು ಓದುವಾಗ ಹೊಸ ಹುದ್ದೆಗಳೆಷ್ಟು, ತೆರವಾಗುವ ಹುದ್ದೆಗಳೆಷ್ಟು ಎಂದು ಬೇರೆ ಬೇರೆಯಾಗಿ ನೋಡಬೇಕೆನ್ನುವುದು ಇದಕ್ಕೇ. ನಮ್ಮ ಜಿಲ್ಲಾ ನ್ಯಾಯಾಲಯಗಳ ಪ್ರಕಟಣೆಗಳಲ್ಲಿಯೂ ಹೊಸ ಹುದ್ದೆ, ಹಿಂಬಾಕಿ ಹುದ್ದೆ ಎಂಬ ಭೇದವಿರುತ್ತದೆ. ಅದನ್ನು ಗಮನಿಸದೆ ಒಟ್ಟು ಸಂಖ್ಯೆಯನ್ನಷ್ಟೇ ನೋಡಿ ಹಿಗ್ಗಿದವರನ್ನು ಕಂಡಿದ್ದೇನೆ.

ಅರ್ಹತೆ ಮತ್ತು ಮೀಸಲಾತಿ

ಜಿಲ್ಲಾ ನ್ಯಾಯಾಂಗ ಘಟಕದ ಶೀಘ್ರಲಿಪಿಗಾರ ಗ್ರೇಡ್-3 ಹುದ್ದೆಗೆ ನೇಮಕಾತಿ ಪ್ರಾಧಿಕಾರ ಆಯಾ ಜಿಲ್ಲೆಯ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರು. ಆದ್ದರಿಂದ ಇಡೀ ರಾಜ್ಯಕ್ಕೆ ಒಂದೇ ಪ್ರಕಟಣೆ ಬರುತ್ತದೆಂದು ಕಾಯುತ್ತ ಕೂರಬಾರದು. ಪ್ರತಿ ಜಿಲ್ಲೆಯೂ ತನ್ನ ಅನುಕೂಲಕ್ಕೆ ತಕ್ಕಂತೆ ಇ-ಕೋರ್ಟ್ಸ್‌ (ನ್ಯಾಯಾಲಯಗಳ ಗಣಕೀಕರಣ ಯೋಜನೆ) ವ್ಯವಸ್ಥೆಯಲ್ಲಿರುವ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ದ್ವಿತೀಯ ಪಿಯುಸಿ ಅಥವಾ ತತ್ಸಮಾನ ವಿದ್ಯಾರ್ಹತೆಯ ಜೊತೆಗೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಸೀನಿಯರ್ ದರ್ಜೆಯ ಶೀಘ್ರಲಿಪಿ ಹಾಗೂ ಬೆರಳಚ್ಚು ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರಬೇಕು, ಇಲ್ಲವೇ ಕಮರ್ಷಿಯಲ್ ಪ್ರಾಕ್ಟೀಸ್‌ನಂಥ ಡಿಪ್ಲೊಮಾ ಪಡೆದಿರಬೇಕು ಎಂಬುದು ಸಾಮಾನ್ಯವಾಗಿ ಕಾಣುವ ಷರತ್ತು. ಎರಡು ಭಾಷೆ, ಎರಡು ವಿದ್ಯೆ ಎಂದರೆ ನಾಲ್ಕು ಪ್ರಮಾಣಪತ್ರಗಳು. ಮೂರನ್ನು ಮುಗಿಸಿ ಕನ್ನಡ ಶೀಘ್ರಲಿಪಿಯೊಂದನ್ನು ಮುಂದಿನ ಸಲಕ್ಕೆ ಬಿಟ್ಟುಕೊಂಡವರು ಪ್ರಕಟಣೆ ಬಂದಾಗ ಕೈ ಹಿಸುಕಿಕೊಳ್ಳುತ್ತಾರೆ, ಏಕೆಂದರೆ ಅರ್ಜಿಯ ಕೊನೆಯ ದಿನಾಂಕಕ್ಕೆ ಎಲ್ಲ ಅರ್ಹತೆಯೂ ಕೈಯಲ್ಲಿರಬೇಕು.

ವಯೋಮಿತಿ ಬಹುಕಾಲದಿಂದ ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ಕ್ಕೆ 40 ವರ್ಷ. ಸರ್ಕಾರ ಆಗಾಗ ಸಡಿಲಿಕೆ ನೀಡುವುದರಿಂದ ನಿಮ್ಮ ಕಣ್ಣೆದುರಿನ ಪ್ರಕಟಣೆಯ ಮಾತೇ ಅಂತಿಮ. ಮಹಿಳೆಯರಿಗೆ 33 ಶೇಕಡಾ ಸಮತಲ ಮೀಸಲಾತಿ, ಅಂದರೆ ಪ್ರತಿಯೊಂದು ವರ್ಗದ ಒಳಗೇ ಸಿಗುವ ಮೀಸಲಾತಿ, ಇದೆ. ಗ್ರಾಮೀಣ ಅಭ್ಯರ್ಥಿ ಮತ್ತು ಕನ್ನಡ ಮಾಧ್ಯಮದ ಕೋಟಾಗಳಿಗೆ ನಿಗದಿತ ನಮೂನೆಯ ಪ್ರಮಾಣಪತ್ರವೇ ಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಅಭ್ಯರ್ಥಿಗಳು ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ನೀಡುವ ಸಂವಿಧಾನದ 371(ಜೆ) ವಿಧಿಯ ಅಡಿಯ ಅರ್ಹತಾ ಪತ್ರವನ್ನು ಪ್ರಕಟಣೆಗೆ ಮುಂಚೆಯೇ ಉಪವಿಭಾಗಾಧಿಕಾರಿಗಳಿಂದ ಪಡೆದಿಟ್ಟುಕೊಳ್ಳುವುದು ಜಾಣತನ.

ವೇಗವನ್ನು ಕೂಡಿಸುವುದು

ಅರ್ಹತಾ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎರಡೂ ಭಾಷೆಗಳಲ್ಲಿ ನಿಮಿಷಕ್ಕೆ 120 ಪದಗಳಂತೆ 5 ನಿಮಿಷ ಉಕ್ತಲೇಖನ ಇರುತ್ತದೆ. ಅದನ್ನು ನಿಗದಿತ ಸಮಯದೊಳಗೆ ಗಣಕಯಂತ್ರದಲ್ಲಿ ಲಿಪ್ಯಂತರಿಸಬೇಕು, ಅಂದರೆ ಶೀಘ್ರಲಿಪಿಯ ಗೆರೆಗಳನ್ನು ಸಾಮಾನ್ಯ ಬರಹವಾಗಿ ಬೆರಳಚ್ಚು ಮಾಡಬೇಕು. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಯಲ್ಲಿ ಗ್ರೇಡ್ ಸಿಗೆ ನಿಮಿಷಕ್ಕೆ 100, ಗ್ರೇಡ್ ಡಿಗೆ 80 ಪದ, ಆದರೆ ಉಕ್ತಲೇಖನ 10 ನಿಮಿಷದ್ದು. ಅಲ್ಲಿ ಬೇಕಾಗುವುದು ದಮ್ಮು, ಇಲ್ಲಿ ಬೇಕಾಗುವುದು ಓಟ. ಎರಡಕ್ಕೂ ಒಟ್ಟಿಗೆ ಸಿದ್ಧರಾಗುವವರು ವಾರದಲ್ಲಿ ಒಂದೆರಡು ದಿನವನ್ನಾದರೂ 10 ನಿಮಿಷದ ಡಿಕ್ಟೇಶನ್‌ಗೆ ಮೀಸಲಿಡಬೇಕು.

ಕನ್ನಡದ 120 ಮತ್ತು ಇಂಗ್ಲಿಷಿನ 120 ಒಂದೇ ತೂಕದವಲ್ಲ. "ಹಾಜರಾಗದಿದ್ದುದರಿಂದ" ಎಂಬುದು ಕನ್ನಡದಲ್ಲಿ ಒಂದು ಪದ; ಅದೇ ಅರ್ಥಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಸಣ್ಣ ಪದಗಳು ಬೇಕು. ಪಿಟ್‌ಮನ್ ಪದ್ಧತಿಯನ್ನು ಅನುಸರಿಸಿದ ಕನ್ನಡ ಶೀಘ್ರಲಿಪಿಯಲ್ಲಿ ಗೆರೆಯ ದಿಕ್ಕು ಮತ್ತು ದಪ್ಪ ವ್ಯಂಜನವನ್ನು ಹೇಳುತ್ತವೆ, ಸ್ವರಗಳನ್ನು ವೇಗದಲ್ಲಿ ಬಹುತೇಕ ಬಿಟ್ಟೇ ಬಿಡುತ್ತೇವೆ. ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಬರುವ "ಬೇಕಾಗಿದ್ದರೂ", "ಲಾಗಿರುವುದಿಲ್ಲ", "ತಕ್ಕದ್ದು" ಮುಂತಾದವಕ್ಕೆ ಸಿದ್ಧ ಗೆರೆರೂಪ, ಅಂದರೆ ಔಟ್‌ಲೈನ್ ಬೆರಳಿಗೆ ಬಾರದಿದ್ದರೆ 80ರ ಹತ್ತಿರವೇ ವೇಗ ಸಿಕ್ಕಿಬೀಳುತ್ತದೆ. ಎಷ್ಟೋ ಅಭ್ಯರ್ಥಿಗಳು ಇಡೀ ಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ವ್ಯರ್ಥ. ತಿಂಗಳಲ್ಲಿ ನೀವು ತಡವರಿಸಿದ ಪದಗಳನ್ನಷ್ಟೇ ಬೇರೆ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಐವತ್ತು ಸಲ ಬರೆಯಿರಿ. ನ್ಯಾಯಾಲಯದ ಶಬ್ದಕೋಶವೂ ದೊಡ್ಡದಲ್ಲ: ದಾವಾ ಸ್ವತ್ತು, ಚಕ್ಕುಬಂದಿ, ಪಹಣಿ, ಪೋಡಿ, ಮಹಜರು, ಪಂಚನಾಮೆ, ಜಾಮೀನು, ತಡೆಯಾಜ್ಞೆ, ವಾದಿಯ ಪರ ವಿದ್ವಾನ್ ವಕೀಲರು, ಮೇಲ್ಮನವಿದಾರ, ವಾದಾಂಶ ಎಂಬಂಥ ಇನ್ನೂರು ಮುನ್ನೂರು ಪದ ಮತ್ತು ಪದಪುಂಜಗಳು ಕೈಗೆ ಒಗ್ಗಿದರೆ ಮಾಮೂಲಿ ಆದೇಶದ ದೊಡ್ಡ ಭಾಗ ಸಲೀಸಾಗುತ್ತದೆ. ಅಂಕಿಗಳ ಮೇಲೆ ಮಾತ್ರ ಎಂದೂ ಉದಾಸೀನ ಬೇಡ. ಸರ್ವೆ ನಂಬರು 112/2ಬಿ ಎಂಬುದು 122/2ಬಿ ಎಂದಾದರೆ ಅದು ಬೇರೊಬ್ಬರ ಜಮೀನು.

ಲಿಪ್ಯಂತರದಲ್ಲಿ ಸೋಲುವವರಿಗೆ ಶೀಘ್ರಲಿಪಿಗಿಂತ ಹೆಚ್ಚಾಗಿ ಕೀಲಿಮಣೆಯೇ ಕಾರಣವಾಗಿರುತ್ತದೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಳೆಯ ಕನ್ನಡ ಬೆರಳಚ್ಚು ಯಂತ್ರದ ವಿನ್ಯಾಸ ಒಂದು, ಕಚೇರಿಗಳಲ್ಲಿ ಬಳಸುವ ನುಡಿ ತಂತ್ರಾಂಶದ ವಿನ್ಯಾಸ ಇನ್ನೊಂದು. ಒಂದರಲ್ಲಿ ಎರಡು ವರ್ಷ ಪಳಗಿದ ಬೆರಳು ಇನ್ನೊಂದರ ಮೇಲೆ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತದೆ. ಪರೀಕ್ಷೆಯಲ್ಲಿ ಯಾವ ತಂತ್ರಾಂಶ, ಯಾವ ವಿನ್ಯಾಸ ಎಂದು ಪ್ರಕಟಣೆಯಲ್ಲಿ ಸ್ಪಷ್ಟವಿಲ್ಲದಿದ್ದರೆ ಆಡಳಿತ ಶಾಖೆಗೆ ಹೋಗಿ ಕೇಳಲು ಸಂಕೋಚಪಡಬೇಡಿ.

ಕೈಗೆ ಬರುವ ಸಂಬಳ

ಹಳೆಯ ಪ್ರಕಟಣೆಗಳಲ್ಲಿ ಈ ಹುದ್ದೆಯ ವೇತನ ಶ್ರೇಣಿ 27,650-52,650 ಎಂದು ಕಾಣುತ್ತದೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೇಲೆ ಆ ಶ್ರೇಣಿ 44,425-83,700 ಆಗಿದೆ. ಬೆರಳಚ್ಚುಗಾರರ 21,400-42,000 ಶ್ರೇಣಿ 34,100-67,600 ಆಗಿದೆ. ಹಳೆಯ ಶ್ರೇಣಿಯನ್ನೇ ಹಂಚುವ ಉದ್ಯೋಗ ಸುದ್ದಿಗಳು ಇಂದಿಗೂ ಓಡಾಡುತ್ತಿರುವುದರಿಂದ ಮೊದಲು ಈ ಅಂಕಿಗಳನ್ನು ತಾಳೆ ನೋಡಿ.

ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿಕೊಳ್ಳೋಣ. ಮೂಲವೇತನ 44,425. 2025ರ ಜನವರಿಯಿಂದ ಅನ್ವಯವಾದ 12.25 ಶೇಕಡಾ ದರವನ್ನೇ ಹಿಡಿದರೆ ತುಟ್ಟಿಭತ್ಯೆ 5,442 ರೂಪಾಯಿ. ಮನೆ ಬಾಡಿಗೆ ಭತ್ಯೆ ಊರಿನ ಜನಸಂಖ್ಯೆಗೆ ತಕ್ಕಂತೆ 20, 15 ಅಥವಾ 7.5 ಶೇಕಡಾ. ಬೆಂಗಳೂರಿನಲ್ಲಾದರೆ 8,885 ಸೇರಿ ಒಟ್ಟು 58,752 ರೂಪಾಯಿ. ಸಣ್ಣ ತಾಲ್ಲೂಕು ಕೇಂದ್ರದಲ್ಲಾದರೆ 3,332 ಸೇರಿ 53,199. ಇದರಲ್ಲಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ 10 ಶೇಕಡಾ, ಅಂದರೆ 4,987 ರೂಪಾಯಿ ಕಡಿತವಾಗುತ್ತದೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಸಾಮಾನ್ಯವಾಗಿ ಇದು ತಪ್ಪದು. ಕೆ.ಜಿ.ಐ.ಡಿ. (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ವಿಮಾ ಕಂತು, ವೃತ್ತಿ ತೆರಿಗೆ ಬೇರೆ. ತುಟ್ಟಿಭತ್ಯೆಯ ದರ ಬದಲಾದಾಗಲೆಲ್ಲ ಆ ಒಂದು ಸಾಲನ್ನು ಬದಲಿಸಿಕೊಂಡರೆ ಸಾಕು. ಬೆಂಗಳೂರಿಗೂ ತಾಲ್ಲೂಕಿಗೂ ಇರುವ ವ್ಯತ್ಯಾಸ 5,553 ರೂಪಾಯಿ. ಅಷ್ಟಕ್ಕೆ ರಾಜಧಾನಿಯಲ್ಲಿ ಹೆಚ್ಚುವರಿ ಬಾಡಿಗೆ ಹೊಂದುವುದಿಲ್ಲವೆಂಬುದನ್ನು ನೆನಪಿಟ್ಟುಕೊಂಡು ಜಿಲ್ಲೆಯನ್ನು ಆರಿಸಿಕೊಳ್ಳಿ.

ಮುಂದಿನ ಮೆಟ್ಟಿಲುಗಳು ಗ್ರೇಡ್-2, ಗ್ರೇಡ್-1, ತೀರ್ಪು ಬರಹಗಾರ ಮತ್ತು ಆಡಳಿತದ ಕಡೆಗೆ ಹೊರಳಿದರೆ ಶಿರಸ್ತೇದಾರ ಎಂಬ ಹೆಸರುಗಳವು. ಬಡ್ತಿ ಜ್ಯೇಷ್ಠತೆಯ ಮೇಲೆ ನಿಂತಿರುವುದರಿಂದ, ಹುದ್ದೆಗಳು ಕಡಿಮೆಯಿರುವ ಸಣ್ಣ ಜಿಲ್ಲೆಯಲ್ಲಿ ಅದು ನಿಧಾನ. ಸಮಯದ ವಿಷಯವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಕಲಾಪ ಸಂಜೆ ಮುಗಿದರೂ ಅಂದಿನ ಆದೇಶಗಳ ಲಿಪ್ಯಂತರ ಮುಗಿದಿರುವುದಿಲ್ಲ. ಜಿಲ್ಲಾ ನ್ಯಾಯಾಲಯಗಳಲ್ಲಿ ಕನ್ನಡ, ಇಂಗ್ಲಿಷ್ ಎರಡೂ ನಡೆಯುತ್ತವೆ. ಸಂವಿಧಾನದ 348ನೇ ವಿಧಿಯ ಪ್ರಕಾರ ಉಚ್ಚ ನ್ಯಾಯಾಲಯದ ತೀರ್ಪುಗಳು ಇಂಗ್ಲಿಷಿನಲ್ಲಿರುವುದರಿಂದ ಅಲ್ಲಿಗೆ ಹೋಗುವ ಆಸೆಯಿದ್ದವರು ಇಂಗ್ಲಿಷ್ ಶೀಘ್ರಲಿಪಿಯನ್ನೇ ಹರಿತಗೊಳಿಸಿಕೊಳ್ಳಬೇಕು.

ಯಂತ್ರ ಬಂದ ಮೇಲೆ

ಸುಪ್ರೀಂ ಕೋರ್ಟ್ 2023ರ ಫೆಬ್ರವರಿ 21ರಂದು ಸಂವಿಧಾನ ಪೀಠದ ವಿಚಾರಣೆಯೊಂದರಲ್ಲಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ಮೌಖಿಕ ವಾದವನ್ನು ನೇರವಾಗಿ ಅಕ್ಷರರೂಪಕ್ಕೆ ಇಳಿಸುವ ಪ್ರಯೋಗ ಆರಂಭಿಸಿತು. 2023ರಲ್ಲಿಯೇ 7,210 ಕೋಟಿ ರೂಪಾಯಿಗಳ ಇ-ಕೋರ್ಟ್ಸ್ ಮೂರನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಕೇರಳ ಉಚ್ಚ ನ್ಯಾಯಾಲಯ 2025ರ ನವೆಂಬರ್ 1ರಿಂದ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷ್ಯ ದಾಖಲಿಸಲು ಧ್ವನಿಯನ್ನು ಬರಹವಾಗಿಸುವ ತಂತ್ರಾಂಶವನ್ನು ಬಳಸುವಂತೆ ಸೂಚಿಸಿತು. ಇದರಿಂದ ಮೊದಲು ಹಗುರಾಗುವುದು ಒಂದೇ ಧ್ವನಿಯ, ಸ್ಪಷ್ಟ ಉಚ್ಚಾರದ ಉಕ್ತಲೇಖನ, ಅಂದರೆ ನಮ್ಮ ಹುದ್ದೆಯ ತಿರುಳೇ ಎಂಬುದನ್ನು ಮರೆಮಾಚುವುದು ಸರಿಯಲ್ಲ. ಕಠಿಣವಾಗಿ ಉಳಿಯುವುದು ನಾಲ್ಕು ಜನ ಒಟ್ಟಿಗೆ ಮಾತಾಡುವ, ಹಳ್ಳಿಯ ಹೆಸರು ಮತ್ತು ಕಾನೂನಿನ ಪದ ಬೆರೆತ, ಒಂದೇ ವಾಕ್ಯದಲ್ಲಿ ಕನ್ನಡವೂ ಇಂಗ್ಲಿಷೂ ಇರುವ ಮಾತು. ಕೆಲಸ ಬರೆಯುವುದರಿಂದ ತಿದ್ದುವುದರ ಕಡೆಗೆ ಸರಿಯುತ್ತಿದೆ. ಹಾಗಾಗಿ ಹುದ್ದೆಯ ಭದ್ರತೆಯನ್ನಷ್ಟೇ ನೆಚ್ಚದೆ ಭಾಷೆಯ ಹಿಡಿತವನ್ನೂ ಬೆಳೆಸಿಕೊಳ್ಳಿ.

ಕನ್ನಡದಲ್ಲಿ ನೇರ ಕ್ಯಾಪ್ಷನ್ ಬರೆಯುವುದನ್ನೇ ಕಾಯಂ ಹುದ್ದೆಯಾಗಿ ಕರೆದ ಸರ್ಕಾರಿ ಪ್ರಕಟಣೆ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಧ್ಯಮಗಳನ್ನು ಎಲ್ಲರಿಗೂ ಎಟಕುವಂತೆ ಮಾಡಬೇಕೆನ್ನುತ್ತದೆ. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಶ್ರವಣದೋಷವುಳ್ಳ ವಕೀಲರೊಬ್ಬರ ವಾದವನ್ನು ಸಂಜ್ಞಾಭಾಷಾ ದುಭಾಷಿಯ ಮೂಲಕ ಆಲಿಸಿದೆ. ಈ ದಾರಿ ತೆರೆದಾಗ ಸಿದ್ಧರಿರಲು ಬಯಸುವವರು ಈಗಲೇ ತಮ್ಮ ಮಟ್ಟವನ್ನು ಅಳೆದುಕೊಳ್ಳಬಹುದು. ವಿಧಾನಮಂಡಲದ ನೇರಪ್ರಸಾರದ 10 ನಿಮಿಷವನ್ನು ಆರಿಸಿಕೊಳ್ಳಿ. ಉಚ್ಚ ನ್ಯಾಯಾಲಯದ ಕಲಾಪವನ್ನು ನೋಡಬಹುದಾದರೂ ಅನುಮತಿಯಿಲ್ಲದೆ ಧ್ವನಿಮುದ್ರಿಸಿಕೊಳ್ಳುವುದನ್ನು ಅದರ ನೇರಪ್ರಸಾರ ನಿಯಮಗಳು ನಿಷೇಧಿಸುವುದರಿಂದ ಅಭ್ಯಾಸಕ್ಕೆ ಸದನವೇ ಲೇಸು. ಅದೇ ಭಾಗವನ್ನು ಒಮ್ಮೆ ಶೀಘ್ರಲಿಪಿಯಲ್ಲಿ ಬರೆದು ಲಿಪ್ಯಂತರಿಸಿ, ಇನ್ನೊಮ್ಮೆ ಮೊಬೈಲಿನ ಧ್ವನಿ ಬರಹಕ್ಕೆ ಕೇಳಿಸಿ, ಅದು ಕೊಟ್ಟ ಪಠ್ಯವನ್ನು ತಿದ್ದಿ. ಎರಡಕ್ಕೂ ಹಿಡಿದ ನಿಮಿಷಗಳನ್ನೂ ಉಳಿದ ತಪ್ಪುಗಳನ್ನೂ ದಿನಾಂಕದೊಡನೆ ಬರೆದಿಡಿ, ಮುಖ್ಯವಾಗಿ ಊರಿನ ಹೆಸರು ಮತ್ತು ಅಂಕಿಗಳಲ್ಲಿ ಆದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ.